ಮನೆಗೊಂದು ಫೋನ್

ಅಕ್ಟೋಬರ್ 4, 2011, ಮಂಗಳವಾರ

ಹಾಜರಿ ಕರೆದೆ. ಯಾರೂ ‘ಎಸ್ ಮಿಸ್’ ಅನ್ನಲಿಲ್ಲ. ‘ಎದುರಿಗೇ ಕೂತಿದ್ದೀನಲ್ಲ, ಕಾಣಲ್ವಾ?’ ಅಂದಳು ಪರ್ಲ್. ಆಸ್ಪತ್ರೆಯ ಅಡುಗೆಮನೆಯವಳು, ನನಗಿಂತ ಹಿರಿಯಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ತುಸು ತಡವಾಗಿ.

ಪಾಠದ ನಡುವೆ ಒಬ್ಬಾತ ಎದ್ದು ಹೊರಗೆ ಹೋದ. ಕೇಳದೆ. ಸಿಗರೇಟು ಸೇದಿಕೊಂಡು ಬಂದು ಕೂತ. ನನ್ನ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿ ನಿಂತಿತ್ತು... ಇಪ್ಪತ್ತಾರು ವರ್ಷ ಹೇಳಿದ ವಾಕ್ಯ. ನುಂಗಿದೆ. ಆತನಿಗೆ ಮೊಮ್ಮಗನಿದ್ದಾನೆ.

ಕಾಲೇಜಿನಲ್ಲಿ ದೊಡ್ಡವರಿಗೆ ಸಂಜೆಯ ತರಗತಿ. ಓದು ಬರಹ, ಮೊದಲ ಹಂತ. ಕೆಳಗಿನ ಮಹಡಿಯಲ್ಲಿ ಇಟ್ಟಿಗೆ ಕಟ್ಟಲು ಕಲಿಯುವವರು. ಗಾರೆಯ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಮುಚ್ಚಿಹೋದ ನನ್ನ ಸ್ಕೂಲಿನಲ್ಲಿ ಸೀಮೆಸುಣ್ಣವೂ ಇರಲಿಲ್ಲ ಕೊನೆಗೆ.

ಅಕ್ಟೋಬರ್ 6, ಗುರುವಾರ

ನದೀಮ್ ಅಖ್ತರ್ ಕರೆಸಿದ್ದರು. ವಿಭಾಗದ ಮುಖ್ಯಸ್ಥರು. ನನಗಿಂತ ಎಷ್ಟೋ ಚಿಕ್ಕವರು. ಟೀ ಕೊಟ್ಟು, ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು. ತಳ್ಳಿದ ರೀತಿಯಲ್ಲೇ ಏನೋ ಇದೆ ಎಂದು ಗೊತ್ತಾಯಿತು.

‘ನಿಮ್ಮ ಹತ್ರ ಇರೋ ಟೀಚರ್ ಮಾನ್ಯತೆ ಇದೆಯಲ್ಲ ಏವ್ರಿಲ್, ಅದು ಸ್ಕೂಲಿಗೆ. ಇಂಥ ಕಸುಬು ಕಲಿಸೋ ಕಾಲೇಜಿಗೆ ಬೇರೇದೇ ಬೇಕು.’

‘ಇಪ್ಪತ್ತಾರು ವರ್ಷ ಪಾಠ ಮಾಡಿದ್ದೀನಿ—’

‘ಗೊತ್ತು. ಅದಕ್ಕೇ ನಿಮ್ಮನ್ನ ಕೋರ್ಸಿಗೆ ಕೂರಿಸ್ತಾ ಇಲ್ಲ. ಒಬ್ಬ ಮಾರ್ಗದರ್ಶಕರು ನಿಮ್ಮ ಪಾಠ ನೋಡ್ತಾರೆ. ಇಲ್ಲಿ ನಡೆದದ್ದು ಯಾವುದಾದ್ರೂ ಒಂದನ್ನ ತಗೊಂಡು, ಅದರಿಂದ ಏನು ಕಲಿತಿರಿ ಅಂತ ನೀವು ಬರೀತೀರಿ. ಅವರು ಓದಿ ಸಹಿ ಹಾಕ್ತಾರೆ. ಬೇಸಿಗೆ ಒಳಗೆ ಮುಗೀಬೇಕು.’

‘ಮುಗೀದೆ ಇದ್ರೆ?’

‘ಮುಗಿಯುತ್ತೆ ಬಿಡಿ.’

‘ಮುಗೀದೆ ಇದ್ರೆ ನದೀಮ್?’

ಬಿಸ್ಕತ್ತು ಇನ್ನಷ್ಟು ಹತ್ತಿರ ಬಂತು. ‘ಮುಂದಿನ ವರ್ಷಕ್ಕೆ ಕೆಲಸ ಇರಲ್ಲ. ನಿಯಮ ನನ್ನದಲ್ಲ.’

ಐವತ್ತೊಂದಕ್ಕೆ ಮತ್ತೆ ತರಬೇತಿಯವಳು. ಜುಲೈನಲ್ಲಿ ಸ್ಕೂಲು ಮುಚ್ಚಿದಾಗ ಕುರ್ಚಿ ಹೋಯಿತು, ಮಕ್ಕಳು ಹೋದರು, ಗಂಟೆಯ ಸದ್ದು ಹೋಯಿತು. ಟೀಚರ್ ಎನ್ನುವುದು ಮಾತ್ರ ನನ್ನ ಜೊತೆ ಬರುತ್ತದೆ ಎಂದುಕೊಂಡಿದ್ದೆ. ಅದು ಕಟ್ಟಡಕ್ಕೆ ಅಂಟಿಕೊಂಡದ್ದು ಎಂದು ಯಾರೂ ಹೇಳಿರಲಿಲ್ಲ.

ನೆವಿಲ್‌ಗೆ ಹೇಳಿದೆ. ಜೀವಮಾನವಿಡೀ ಬಸ್ಸು ಓಡಿಸಿದ ಗಂಡ. ತೆಳ್ಳನೆ ರೊಟ್ಟಿಯಂಥ ಓಟ್‌ಕೇಕಿಗೆ ಚೀಸ್ ಹಾಕಿ ಮಡಿಸುತ್ತಿದ್ದ.

‘ಬಸ್ಸು ಓಡಿಸ್ದೋನಿಗೂ ಲಾರಿಗೆ ಬೇರೆ ಲೈಸೆನ್ಸ್ ಬೇಕು ಕಣೇ. ಅಳಬೇಡ.’

‘ಅಳ್ತಾ ಇಲ್ಲ.’

‘ಮತ್ತೆ ಮೂಗು ಯಾಕೆ ಕೆಂಪಗಿದೆ?’

ಅಕ್ಟೋಬರ್ 13, ಗುರುವಾರ

ಮಾರ್ಗದರ್ಶಕಿ ಗ್ಲೆನಿಸ್ ಬೌಲ್ಟನ್. ಕೇಶಾಲಂಕಾರದ ವಿಭಾಗ. ಭೇಟಿಯೂ ಅಲ್ಲೇ, ಕಾಲೇಜಿನ ಸಲೂನಿನಲ್ಲಿ. ಹುಡುಗಿಯರು ಊರಿನವರ ತಲೆಯ ಮೇಲೆ ಕಲಿಯುತ್ತಿದ್ದರು.

‘ನಿಂದು ಇಂಗ್ಲಿಷು, ನಂದು ಕೂದಲು. ನಿನಗೆ ನಾನು ಮಾರ್ಗದರ್ಶಕಿ. ನಗು ಬಂದ್ರೆ ಈಗಲೇ ನಕ್ಕುಬಿಡು.’

‘ಬರ್ತಾ ಇಲ್ಲ.’

‘ಬರಬೇಕಿತ್ತು. ನನಗೆ ಬಂತು. ಮೊದಲು ಆ ಕೈ ಇಳಿಸು.’

ನೋಡಿದರೆ ನನ್ನ ಅಂಗೈ ಗಾಳಿಯಲ್ಲಿತ್ತು. ಹೇರ್ ಡ್ರೈಯರುಗಳ ಸದ್ದು ನಿಲ್ಲಲಿ ಎಂದು ಕೈ ತಾನಾಗಿ ಎದ್ದಿತ್ತು.

ಅವಳ ಕಾಲೇಜು ಮಾನ್ಯತೆಯ ಪತ್ರ ಕನ್ನಡಿಯ ಪಕ್ಕ, ಫ್ರೇಮಿನಲ್ಲಿ. ಶಾಂಪೂ ಬಾಟಲಿಗಳ ಮೇಲೆ. ‘ಹದಿನಾರಕ್ಕೆ ಸ್ಕೂಲು ಬಿಟ್ಟೋಳು ನಾನು. ಇದು ಬರೋ ತನಕ ಇಲ್ಲಿ ನನ್ನ ಹೆಸರು ಏನು ಗೊತ್ತಾ? ಆ ಕೂದಲು ಹುಡುಗಿ. ಐವತ್ತು ತುಂಬಿದ ಹುಡುಗಿ!’

ಹೊರಡುವಾಗ ಅಂದಳು, ‘ನಿನ್ನ ಕ್ಲಾಸಿನೋರನ್ನ ಡಕ್ ಅಂತ ಕರೀತೀಯಾ?’

ಇಲ್ಲ. ಗುರುತಿಲ್ಲದವರಿಗೂ ಅಕ್ಕರೆಯಿಂದ ‘ಡಕ್’ ಎನ್ನುವ ಊರಿನಲ್ಲೇ ಹುಟ್ಟಿದೆ. ಅಂಗಡಿಯಲ್ಲಿ ಅನ್ನುತ್ತೇನೆ, ಬಸ್ಸಿನಲ್ಲಿ ಅನ್ನುತ್ತೇನೆ, ಕೊನೆಗೆ ಪೊಲೀಸಿನವನಿಗೂ ಅಂದಿದ್ದೇನೆ. ತರಗತಿಯ ಬಾಗಿಲು ದಾಟಿದರೆ ಆ ಮಾತು ಬಾಯಿಗೆ ಬರುವುದಿಲ್ಲ.

ಅಕ್ಟೋಬರ್ 18, ಮಂಗಳವಾರ

ರಾಯ್‌ಸ್ಟನ್ ಮೇಚಿನ್ ಬಗ್ಗೆ ಬರೆದಿಡಬೇಕು. ಬಾಗಿಲ ಹತ್ತಿರ ಕೂರುವವನು. ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿನ ಕೆಲಸ. ರೆಪ್ಪೆಗೂದಲು ಅರ್ಧ ಸುಟ್ಟಿದೆ, ಅದರಿಂದ ಸದಾ ಆಶ್ಚರ್ಯಪಟ್ಟವನ ಹಾಗೆ ಕಾಣುತ್ತಾನೆ. ಎಷ್ಟು ಹೇಳಿದರೂ ಏವ್ರಿಲ್ ಅನ್ನುವುದಿಲ್ಲ. ಮಿಸ್.

ಡಿಸೆಂಬರಿನಲ್ಲಿ ಅವರ ಪಾಳಿಗೆ ಹೊಸ ಸೂಪರ್‌ವೈಸರ್ ಬೇಕಂತೆ. ಕೆಲಸ ಗೊತ್ತು. ಪಾಳಿ ಮುಗಿದ ಮೇಲೆ ಏನಾಯಿತೆಂದು ಅರ್ಧ ಪುಟ ಬರೆಯಬೇಕು—ಅದು ಗೊತ್ತಿಲ್ಲ.

‘ಇಷ್ಟು ದಿನ ಹೇಗೆ ನಿಭಾಯಿಸಿದ್ರಿ?’ ಕೇಳಿದೆ.

‘ಹೆಂಡತಿ ಇದ್ಲು.’

‘ಈಗ?’

‘ಈಗ ನೀವಿದ್ದೀರಲ್ಲ ಮಿಸ್.’

ಇಂದು ಮೂರು ವಾಕ್ಯ ಬರೆದ. ಪೆನ್ನನ್ನು ಉಳಿಯ ಹಾಗೆ ಹಿಡಿಯುತ್ತಾನೆ. ಕಾಗದದ ಹಿಂಬದಿಯಲ್ಲೂ ಅಕ್ಷರ ಕೈಗೆ ತಗಲುತ್ತದೆ. ಮುಗಿದ ಮೇಲೆ ಪುಸ್ತಕವನ್ನು ತರಗತಿಯ ಕಪಾಟಿನಲ್ಲೇ ಇಟ್ಟು ಹೋದ. ಮನೆಗೆ ಒಯ್ಯಿ, ಅಭ್ಯಾಸ ಮಾಡಿ ಎಂದೆ. ತಲೆಯಾಡಿಸಿದ, ಒಯ್ಯಲಿಲ್ಲ. ಸೋಮಾರಿತನ... ಗಂಡು ಮಕ್ಕಳೆಲ್ಲ ಹೀಗೇ.

ನವೆಂಬರ್ 8, ಮಂಗಳವಾರ

ರಾಯ್‌ಸ್ಟನ್ ಕಾಣದೆ ಮೂರನೆಯ ವಾರ. ಡಿಸೆಂಬರ್ ಹತ್ತಿರ ಬಂತು. ಬಿಡುವಿನಲ್ಲಿ ಆಫೀಸಿಗೆ ಹೋಗಿ ನಂಬರ್ ತೆಗೆದು ಮನೆಗೆ ಫೋನ್ ಮಾಡಿದೆ. ಯೋಚಿಸಲಿಲ್ಲ. ಎರಡು ವಾರ ಬರದಿದ್ದರೆ ಮನೆಗೊಂದು ಫೋನ್. ಉಸಿರಾಟದ ಹಾಗೆ.

ಹೆಂಗಸಿನ ದನಿ. ಮಗಳು.

‘ಅಪ್ಪ ನೈಟ್ ಶಿಫ್ಟಿಗೆ ಹೋದ್ರು. ಈ ತಿಂಗಳೆಲ್ಲ ನೈಟೇ. ಯಾರು ಮಾತಾಡೋದು?’

ಬೇಕಿದ್ದ ಉತ್ತರ ಅಷ್ಟೇ. ಫೋನ್ ಇಡಬಹುದಿತ್ತು.

‘ಕಾಲೇಜಿನಿಂದಮ್ಮ. ಮಂಗಳವಾರದ ಇಂಗ್ಲಿಷ್ ಕ್ಲಾಸಿಗೆ ಬರ್ತಾ ಇಲ್ಲ, ಅದಕ್ಕೇ—’

‘ತಪ್ಪು ನಂಬರ್ ಇರಬೇಕು. ಮಂಗಳವಾರ ಅಪ್ಪ ಕ್ಲಬ್ಬಿಗೆ ಹೋಗ್ತಾರೆ. ಡಾಮಿನೊ ಆಡೋಕೆ.’

ಇಲ್ಲಾದರೂ ಇಡಬಹುದಿತ್ತು. ಆದರೆ ಮನೆಯಲ್ಲೊಂದು ಸ್ಕೂಲಲ್ಲೊಂದು ಹೇಳುವ ಮಕ್ಕಳನ್ನು ಹಿಡಿದು ಹಿಡಿದು ಪಳಗಿದ ಕಿವಿ ಇದು. ಸುಳ್ಳು ಸಿಕ್ಕಿತು ಎನ್ನುವ ಒಂದು ಪುಟ್ಟ ಸಂತೋಷವಿದೆ. ಕೆಲಸದ ಜೊತೆ ಬಂದದ್ದು. ಅದು ಬಂತು.

‘ಇಲ್ಲಮ್ಮ, ಅವರೇ. ಸೆಪ್ಟೆಂಬರಿನಿಂದ ಬರ್ತಿದ್ರು. ಓದು ಬರಹದ ಕ್ಲಾಸು.’

ಆ ಕಡೆ ಟಿ.ವಿ. ಓಡುತ್ತಿತ್ತು. ಆರಿಸಿದಳು.

‘ಓದು ಬರಹ ಅಂದ್ರೆ?’

ಆಗ ಗೊತ್ತಾಯಿತು. ಪುಸ್ತಕ ಕಪಾಟಿನಲ್ಲಿ ಯಾಕೆ ಉಳಿಯುತ್ತಿತ್ತು ಎಂದು.

ನವೆಂಬರ್ 9, ಬುಧವಾರ

ಗ್ಲೆನಿಸ್‌ಗೆ ಹೇಳಿದೆ. ಮೊದಲು ಹೊಟ್ಟೆ ಹಿಡಿದು ನಕ್ಕಳು.

‘ಮನೆಗೆ ಫೋನ್ ಮಾಡಿದ್ಯಾ? ಅವನಿಗೆ ವಯಸ್ಸೆಷ್ಟು ಮಾರಾಯ್ತಿ? ಅಪ್ಪ ಅಮ್ಮನ್ನ ಕರ್ಕೊಂಡು ಬಾ ಅಂದ್ಯಾ?’

‘ಮಗಳು ಎತ್ತಿದ್ಲು. ಅವಳಿಗೆ ಗೊತ್ತಿರಲಿಲ್ಲ.’

‘ಕಾಲೇಜಿಗೆ ಬರೋದಾ?’

‘ಓದೋಕೆ ಬರಲ್ಲ ಅನ್ನೋದು.’

ನಗು ನಿಂತಿತು. ಕೈಯಲ್ಲಿದ್ದ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

‘ಇಲ್ಲಿಗೆ ಬರೋರು ದೊಡ್ಡೋರು ಕಣೇ. ಅವರವರ ವಿಷಯ ಅವರವರದು. ಹೇಳ್ದೆ ಕೇಳ್ದೆ ಯಾರ ಮನೆಗೂ ನಾವು ಬಾಯಿ ಬಿಡಂಗಿಲ್ಲ. ಹೊಸಬರಿಗೆ ಮೊದಲ ದಿನ ಹೇಳೋದು ಇದೇನೇ. ನಿನಗೆ ಯಾರೂ ಹೇಳಲಿಲ್ವಾ?’

‘ನನಗೆ ಎಲ್ಲಾ ಗೊತ್ತಿರುತ್ತೆ ಅಂದ್ಕೊಂಡ್ರೇನೋ.’

‘ನೀನೂ ಹಂಗೇ ಅಂದ್ಕೊಂಡೆ.’

ಹೌದು.

ಆಮೇಲೆ ನದೀಮ್. ಅವರಿಗೂ ಹೇಳಲೇಬೇಕಿತ್ತು. ಬಿಸ್ಕತ್ತು ಹೊರಗೆ ಬರಲಿಲ್ಲ. ರಾಯ್‌ಸ್ಟನ್ ದೂರು ಕೊಟ್ಟರೆ ಮಾನ್ಯತೆಯ ವಿಷಯ ಅಲ್ಲಿಗೆ ನಿಲ್ಲುತ್ತದೆ ಅಂದರು. ಕೊಡದಿದ್ದರೆ ನಿರ್ಧಾರ ಗ್ಲೆನಿಸ್‌ಳದು.

ಗ್ಲೆನಿಸ್ ಸಂಜೆ ಕಾರಿನ ಹತ್ತಿರ ಸಿಕ್ಕಳು. ‘ಸಹಿ ಹಾಕಲ್ಲ ಅಂತಿಲ್ಲ. ಆದ್ರೆ ಅವನು ವಾಪಸ್ ಬರಲಿ. ಬಂದು ಕೂರಲಿ. ಆಮೇಲೆ ನಿನ್ನ ಪಾಠ ನೋಡ್ತೀನಿ.’

‘ಬರದೇ ಇದ್ರೆ?’

‘ಬರದೇ ಇದ್ರೆ ನಾನು ಯಾವ ಮುಖ ಇಟ್ಕೊಂಡು ನಿನ್ನನ್ನ ಟೀಚರ್ ಅಂತ ಬರೆದುಕೊಡ್ಲಿ?’

ನವೆಂಬರ್ 15, ಮಂಗಳವಾರ

ಬರಲಿಲ್ಲ.

ನವೆಂಬರ್ 22

ಇಲ್ಲ. ಪರ್ಲ್‌ಗೆ ಹೇಗೋ ತಿಳಿದಿದೆ. ‘ಅವನು ನೈಟ್ ಶಿಫ್ಟ್ ಅಂತ ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ’ ಅಂದಳು. ಕೋಟು ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ. ‘ನಮ್ಮನ್ನ ಯಾರೂ ಕೇಳಲ್ಲ.’

ಡಿಸೆಂಬರ್ 6

ಕ್ಷಮೆ ಕೇಳಬೇಕು. ಹೇಗೆ? ಪತ್ರ ಬರೆದರೆ ಮಗಳು ಓದಿ ಹೇಳಬೇಕು. ಫೋನ್ ಮಾಡಿದರೆ ಮಗಳು ಎತ್ತುತ್ತಾಳೆ. ಓದಲು ಬಾರದವನ ಬಳಿಗೆ ಹೋಗುವ ದಾರಿಗಳೆಲ್ಲ ಇನ್ನೊಬ್ಬರ ಮೂಲಕವೇ. ಇದನ್ನು ಇಷ್ಟು ವರ್ಷ ಪಾಠ ಮಾಡಿಯೂ ಯೋಚಿಸಿರಲಿಲ್ಲ.

ನೆವಿಲ್: ‘ಕಾರ್ಖಾನೆ ಗೇಟಿನಲ್ಲಿ ಹೋಗಿ ನಿಂತ್ಕೋ.’

‘ಅವನ ಜೊತೆಯವರ ಮುಂದೆ? ಕಾಲೇಜಿನ ಮೇಷ್ಟ್ರಮ್ಮ ಬಂದಿದ್ದಾಳೆ ಅಂತ?’

‘ಹೌದಲ್ಲ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ನಿನಗೆ ಬುದ್ಧಿ ಬರ್ತಾ ಇದೆ. ನನಗೆ ಭಯ ಆಗ್ತಾ ಇದೆ.’

ಜನವರಿ 10, 2012, ಮಂಗಳವಾರ

ರಜೆಯಲ್ಲಿ ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ನದೀಮ್ ಹೇಳಿದರು, ಇಷ್ಟು ವಾರ ಬರದವರ ಹೆಸರು ತೆಗೆಯಬೇಕು. ಆಗಲಿ ಎಂದೆ. ತೆಗೆಯಲಿಲ್ಲ. ಹಾಜರಿ ಕರೆಯುವಾಗ ಅವನ ಹೆಸರು ಬಂದರೆ ಒಂದು ಉಸಿರಿನಷ್ಟು ನಿಲ್ಲುತ್ತೇನೆ. ತರಗತಿಯೂ ನಿಲ್ಲುತ್ತದೆ. ಆಮೇಲೆ ಮುಂದಿನ ಹೆಸರು.

ಇದು ಅವನಿಗಾಗಿಯೋ ನನ್ನ ಮಾನ್ಯತೆಗಾಗಿಯೋ? ಎರಡನ್ನೂ ಬೇರೆ ಮಾಡಿ ನೋಡಲು ಪ್ರಯತ್ನಿಸಿದೆ. ಬೇರೆಯಾಗಲಿಲ್ಲ. ಬಹುಶಃ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಹಾಗಿದೆ, ಅಷ್ಟೆ.

ಜನವರಿ 26, ಗುರುವಾರ

ಗ್ಲೆನಿಸ್ ತನ್ನ ಹುಡುಗಿಯೊಬ್ಬಳನ್ನು ಕಳಿಸಿದಳು. ‘ಬೇಗ ಬರಬೇಕಂತೆ, ಸಲೂನಿಗೆ.’ ಹೋದೆ. ಮೂರನೆಯ ಕುರ್ಚಿಯಲ್ಲಿ ಮೂವತ್ತರ ಸುಮಾರಿನ ಹೆಂಗಸು. ತಲೆಯ ತುಂಬ ಬೆಳ್ಳಿಯ ಕಾಗದದ ಮಡಿಕೆಗಳು. ಎದ್ದು ಹೋಗಲಾರದ ಸ್ಥಿತಿ.

‘ಟ್ಯಾಮ್‌ಸಿನ್ ಮೇಚಿನ್’ ಅಂದಳು ಗ್ಲೆನಿಸ್. ‘ಬಣ್ಣ ಹಿಡಿಯೋಕೆ ಇನ್ನೂ ಟೈಮ್ ಬೇಕು. ಮಾತಾಡಿ.’ ಹೋಗಿಬಿಟ್ಟಳು.

ಕನ್ನಡಿಯಲ್ಲೇ ಮಾತಾಡಿದೆವು. ಮುಖ ತಿರುಗಿಸಬೇಕಿರಲಿಲ್ಲ.

‘ಫೋನ್ ಮಾಡಿದ್ದು ನೀವೇನಾ?’

‘ನಾನೇ. ಮಾಡಬಾರದಿತ್ತು.’

‘ಹೌದು, ಮಾಡಬಾರದಿತ್ತು.’ ಸ್ವಲ್ಪ ಹೊತ್ತು ತನ್ನ ಬೆಳ್ಳಿ ತಲೆ ನೋಡಿಕೊಂಡಳು. ‘ಅಪ್ಪ ಬೆಳಿಗ್ಗೆ ಡ್ಯೂಟಿಯಿಂದ ಬಂದ್ರು. ನಾನು ಬಾಗಿಲಲ್ಲೇ ಕೇಳಿಬಿಟ್ಟೆ. ನೀವು ಫೋನಲ್ಲಿ ಹೇಳಿದ ಹಂಗೇ. ಓದು ಬರಹದ ಕ್ಲಾಸಂತೆ, ಹೌದಾ ಅಂತ. ಅವರು ಬೂಟು ಬಿಚ್ಚಲಿಲ್ಲ. ವಾಪಸ್ ನಡಕೊಂಡು ಹೋದ್ರು. ಸಾಯಂಕಾಲ ಬಂದ್ರು.’

ಹಣೆಗೆ ಇಳಿದಿದ್ದ ಬಣ್ಣವನ್ನು ಟವೆಲಿನ ಅಂಚಿನಿಂದ ಒರೆಸಿಕೊಂಡಳು.

‘ಅಮ್ಮ ಎಲ್ಲಾ ಮುಚ್ಚಿಟ್ಟಿದ್ಲು. ಅವಳು ತೀರಿಕೊಂಡ ವರ್ಷ ನನ್ನ ಬರ್ತ್‌ಡೇಗೆ ಅಪ್ಪ ಕಾರ್ಡು ಕೊಟ್ರು. ಒಳಗೆ ಏನೂ ಇಲ್ಲ. ಖಾಲಿ. ಟ್ಯಾಮ್‌ಸಿನ್‌ಗೆ, ಅಪ್ಪ—ಅಷ್ಟೂ ಇಲ್ಲ. ಎರಡು ವರ್ಷ ಆ ಮನುಷ್ಯನ ಜೊತೆ ನೆಟ್ಟಗೆ ಮಾತಾಡಲಿಲ್ಲ ನಾನು. ಒಂದೇ ಮನೇಲಿ.’

‘ಈಗ?’

‘ಈಗ ಅವರು ನನ್ನ ಜೊತೆ ಮಾತಾಡಲ್ಲ.’ ನಕ್ಕಳು. ಅಪ್ಪನದೇ ನಗು, ಒಂದು ಕಡೆಗೆ ಮಾತ್ರ. ‘ನಿಮ್ಮನ್ನ ಬಯ್ಯೋಣ ಅಂತ್ಲೇ ಇಲ್ಲಿ ಅಪಾಯಿಂಟ್‌ಮೆಂಟ್ ತಗೊಂಡೆ. ತಲೆಗೆ ಇದೆಲ್ಲಾ ಸುತ್ತಿಸ್ಕೊಂಡು ಯಾರನ್ನ ಬಯ್ಯೋಕಾಗುತ್ತೆ?’

‘ಬಯ್ಯಿರಿ. ಪರವಾಗಿಲ್ಲ.’

‘ಅವರ ಹೆಸರು ತೆಗೆದಿಲ್ಲ ಅಂತ ಆಯಮ್ಮ ಅಂದ್ರು. ನಿಜವಾ?’

‘ನಿಜ.’

‘ಹೇಳ್ತೀನಿ. ಕೇಳಿಸ್ಕೊಂಡ್ರೆ.’

ಇದರಿಂದ ಒಳ್ಳೆಯದೂ ಆಯಿತು ಎಂದು ಹೇಳಿಕೊಳ್ಳಬಹುದು. ಹೇಳಿಕೊಳ್ಳುವುದಿಲ್ಲ. ಕಲ್ಲು ಎಸೆದವಳು ಒಡೆದ ಕಿಟಕಿಯಿಂದ ಗಾಳಿ ಬಂತಲ್ಲ ಎಂದ ಹಾಗಾಗುತ್ತದೆ.

ಜನವರಿ 31, ಮಂಗಳವಾರ

ಇಲ್ಲ.

ಫೆಬ್ರವರಿ 7, ಮಂಗಳವಾರ

ಬಂದ.

ಬಾಗಿಲಲ್ಲಿ ನಿಂತಿದ್ದ. ಮೊದಲು ಕಂಡವಳು ಪರ್ಲ್. ‘ಏನಪ್ಪಾ, ಡಾಮಿನೊದಲ್ಲಿ ಗೆದ್ಯಾ?’

‘ಸೋತೆ. ಇಲ್ಲಿಗೆ ತಳ್ಳಿದ್ರು.’

ತರಗತಿಯೇ ಹಗುರಾಯಿತು. ಬಿಡುವಿನಲ್ಲಿ ಕಾಫಿ ಯಂತ್ರದ ಹತ್ತಿರ ಸಿಕ್ಕ. ನಾನೇ ಹೋಗಿ ನಿಂತೆ ಎನ್ನಬೇಕು.

‘ರಾಯ್‌ಸ್ಟನ್, ನನ್ನದು ತಪ್ಪಾಯ್ತು.’

‘ಆಯ್ತು.’ ಒಪ್ಪಿಕೊಂಡನೋ, ತಪ್ಪಾಯಿತು ಎಂದನೋ. ‘ಸೂಪರ್‌ವೈಸರ್ ಕೆಲಸ ಬೇರೆಯವನಿಗೆ ಹೋಯ್ತು. ನಾನು ಹೆಸರೇ ಕೊಡಲಿಲ್ಲ.’

‘ನನ್ನಿಂದ.’

‘ನಿಮ್ಮಿಂದಾನೂ. ಪೂರ್ತಿ ನಿಮಗೇ ಕೊಡಕ್ಕಾಗಲ್ಲ ಮಿಸ್.’

‘ಮತ್ತೆ ಯಾಕೆ ಬಂದ್ರಿ?’

ನಾಣ್ಯ ಹಾಕಿದ. ಯಂತ್ರ ನುಂಗಿಕೊಂಡು ಸುಮ್ಮನಾಯಿತು. ಪಕ್ಕಕ್ಕೆ ಒಂದು ಗುದ್ದಿದ.

‘ಈಗ ಯಾರಿಗೂ ಬೇಕಾಗಿಲ್ಲವಲ್ಲ. ಕಾರ್ಖಾನೆಗೆ ಬೇಡ. ಮಗಳಿಗೆ ಮುಚ್ಚಿಡೋದೂ ಇಲ್ಲ. ನೋಡೋಣ ಅಂತ ಬಂದೆ.’

‘ಏನು ನೋಡೋಕೆ?’

‘ಬರ್ತದೋ ಇಲ್ವೋ.’

ಕಾಫಿ ಬಂತು. ಅರ್ಧ ಕಪ್.

ಹೋಗುವಾಗ ಪುಸ್ತಕವನ್ನು ಕಪಾಟಿನಿಂದ ತೆಗೆದು ಕೋಟಿನ ಒಳಗೆ ಸೇರಿಸಿದ. ನಾನು ನೋಡುತ್ತಿದ್ದುದು ಗೊತ್ತಿತ್ತು. ‘ಫೋನ್ ಮಾಡ್ಬೇಡಿ ಮತ್ತೆ’ ಅಂದ.

ಫೆಬ್ರವರಿ 23, ಗುರುವಾರ

ಗ್ಲೆನಿಸ್ ಕೇಳಿದಳು, ಬರವಣಿಗೆ ಯಾವುದರ ಬಗ್ಗೆ?

‘ಫೋನ್ ಬಗ್ಗೆ.’

‘ಹುಚ್ಚಿ. ಸಮಯಪಾಲನೆ ಬಗ್ಗೆ ಬರಿ. ಎಲ್ರೂ ಅದೇ ಬರೆಯೋದು. ತಡವಾಗಿ ಬರ್ತಿದ್ರು, ಬುದ್ಧಿ ಹೇಳಿದೆ, ಈಗ ಬೇಗ ಬರ್ತಾರೆ. ಓದೋರಿಗೂ ಖುಷಿ.’

‘ಇಲ್ಲಿ ನಾನು ಕಲಿತದ್ದು ಅದೊಂದೇ ಗ್ಲೆನಿಸ್.’

ಬಾಚಣಿಗೆಗೆ ಸಿಕ್ಕ ಕೂದಲು ಬಿಡಿಸಿ ಬುಟ್ಟಿಗೆ ಹಾಕಿದಳು. ‘ಹಂಗಿದ್ರೆ ಅವನ್ನ ಕೇಳು. ಅವನ ಕಥೆ ಅದು. ಅವನು ಹೂಂ ಅನ್ನದೆ ನಾನು ಮುಟ್ಟಲ್ಲ. ಈ ಸಲನಾದ್ರೂ ಮೊದಲು ಕೇಳು.’

ಬರೆಯುತ್ತಿದ್ದೇನೆ. ಇನ್ನೂ ಕೇಳಿಲ್ಲ.

ಮಾರ್ಚ್ 22, ಗುರುವಾರ

ಸಿಬ್ಬಂದಿ ಕೋಣೆಯಲ್ಲಿ ಗದ್ದಲ. ಸರ್ಕಾರದ ಸಮಿತಿಯ ವರದಿ ಬಂದಿದೆಯಂತೆ. ಕಾಲೇಜು ಟೀಚರುಗಳಿಗೆ ಮಾನ್ಯತೆ ಕಡ್ಡಾಯ ಬೇಡ, ಆಯಾ ಕಾಲೇಜೇ ನೋಡಿಕೊಳ್ಳಲಿ ಎಂದು ಸಲಹೆ. ಯಾರೋ ಕೇಕು ತಂದಿದ್ದರು. ನದೀಮ್ ನನ್ನನ್ನು ಹುಡುಕಿಕೊಂಡು ಬಂದರು.

‘ನಿಮ್ಮ ತಲೆನೋವು ಹೋಯ್ತು ಏವ್ರಿಲ್. ನಿಯಮ ಹೋಗೋದು ಖಂಡಿತ. ಮುಂದಿನ ವರ್ಷಕ್ಕೆ ನಿಮ್ಮ ಕೆಲಸ ನಾನೇ ಮುಂದುವರಿಸ್ತೀನಿ. ಆ ಬರವಣಿಗೆ ಎಲ್ಲಾ ಬಿಟ್ಟಾಕಿ.’

ಥ್ಯಾಂಕ್ಸ್ ಅಂದೆ. ಖುಷಿಯಾಯಿತು. ಸುಳ್ಳೇಕೆ? ಮೆಟ್ಟಿಲಿಳಿಯುವಾಗ ಕಾಲು ಹಗುರಾಗಿತ್ತು. ಕೆಳಗೆ ಹೋಗುವಷ್ಟರಲ್ಲಿ ಯಾವುದೋ ತೂಕ ಎಲ್ಲೋ ಇಟ್ಟು ಮರೆತ ಹಾಗಾಯಿತು.

ಸಲೂನು ಖಾಲಿಯಿತ್ತು. ಗ್ಲೆನಿಸ್ ಫ್ರೇಮಿನ ಗಾಜು ಒರೆಸುತ್ತಿದ್ದಳು.

‘ಕೇಳಿದ್ಯಾ? ಎರಡು ವರ್ಷ ಭಾನುವಾರ ಭಾನುವಾರ ಕೂತು ಬರೆದದ್ದು ಕಣೇ ಇದು. ಈಗ ಬೇಕಿದ್ರೆ ಇಟ್ಕೋ, ಬೇಡದಿದ್ರೆ ಬಿಡು ಅಂತೆ.’ ಬಟ್ಟೆ ಜಾಡಿಸಿದಳು. ‘ಇನ್ನೊಂದು ತಮಾಷೆ ಗೊತ್ತಾ? ಏಪ್ರಿಲ್ಲಿಂದ ಇದು ಇದ್ದೋರು ಸ್ಕೂಲಲ್ಲೂ ಪಾಠ ಮಾಡಬಹುದಂತೆ. ನಿನ್ನ ಸ್ಕೂಲಿಗೆ ಬರ್ತಿದ್ದೆ ನಾನು.’

‘ಮುಚ್ಚಿದ್ದಾರಲ್ಲ.’

‘ನಾನು ಬರ್ತೀನಿ ಅಂತ ಗೊತ್ತಾಗಿರಬೇಕು.’

ಇಬ್ಬರೂ ನಕ್ಕೆವು. ಅವಳ ಕಣ್ಣು ನಗಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟೆ. ಸರಿಸಲಿಲ್ಲ.

‘ನನ್ನ ಪಾಠ ಯಾವಾಗ ನೋಡ್ತೀಯಾ?’ ಕೇಳಿದೆ.

‘ಇನ್ನು ಯಾಕೆ? ಕೆಲಸ ಸಿಕ್ತಲ್ಲ.’

‘ಸಿಕ್ತು. ಯಾವಾಗ ನೋಡ್ತೀಯಾ?’

ಬಟ್ಟೆಯನ್ನು ಮೂಲೆಗೆ ಎಸೆದಳು. ‘ಅವನು ಒಪ್ಪಿದ್ನಾ?’

ಏಪ್ರಿಲ್ 24, ಮಂಗಳವಾರ

ಕೇಳಿದೆ. ಕೊನೆಗೂ.

‘ನನ್ನ ಬಗ್ಗೆ ಬರೆದಿದ್ದೀರಾ?’

‘ನನ್ನ ಬಗ್ಗೆ. ನೀವೂ ಇದ್ದೀರಿ. ಹೆಸರು ಬೇಕಿದ್ರೆ ಬದಲಾಯಿಸ್ತೀನಿ. ಓದಿ ಹೇಳ್ಲಾ?’

‘ಬೇಡ. ನಾನೇ ಓದ್ತೀನಿ.’

‘ನಾಲ್ಕು ಪುಟ ಇದೆ ರಾಯ್‌ಸ್ಟನ್. ದೊಡ್ಡ ದೊಡ್ಡ ಮಾತು—’

‘ಯಾಕೆ?’ ಅಂದ. ಸುಟ್ಟ ರೆಪ್ಪೆಯ ಆಶ್ಚರ್ಯದಲ್ಲಿ. ‘ಫೋನ್ ಮಾಡಿದ್ರಿ. ಅದಕ್ಕೆ ದೊಡ್ಡ ಮಾತು ಯಾಕೆ ಬೇಕಾಯ್ತು?’

ಏಪ್ರಿಲ್ 29, ಭಾನುವಾರ

ಅವನಿಗೆ ಓದಲು ಬರುವಂತೆ ತಿರುಗಿ ಬರೆಯುತ್ತಿದ್ದೇನೆ. ‘ವೃತ್ತಿಪರ ಗೋಪ್ಯತೆಯ ಪರಿಕಲ್ಪನೆಯು ನನ್ನ ಪೂರ್ವಾನುಭವದ ಹಿನ್ನೆಲೆಯಲ್ಲಿ...’ ಇದನ್ನು ಸುಲಭ ಮಾಡುವುದು ಹೇಗೆ? ಮಾಡಿದೆ. ‘ಯಾರಿಗೂ ಹೇಳಬಾರದಿತ್ತು. ಹೇಳಿದೆ.’

ನಾಲ್ಕು ಪುಟ ಒಂದೂವರೆಯಾಯಿತು. ಹೋದದ್ದರಲ್ಲಿ ನಾನು ಅಡಗಿಕೊಂಡಿದ್ದೆ. ಉಳಿದದ್ದರಲ್ಲಿ ನಾನು ಮಾಡಿದ್ದು ಮಾತ್ರ ಇದೆ.

ನೆವಿಲ್ ಓದಿದ. ‘ಇದು ನಿನ್ನ ಥರ ಇಲ್ಲ.’

‘ಚೆನ್ನಾಗಿಲ್ವಾ?’

‘ಅರ್ಥ ಆಯ್ತು ಅಂದೆ.’

ಮೇ 15, ಮಂಗಳವಾರ

ಗ್ಲೆನಿಸ್ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಇವತ್ತೇ ಪಾಠ ನೋಡುವುದೆಂದು ಮೊದಲೇ ಹೇಳಿದ್ದಳು. ನಾನು ತಯಾರಿಸಿದ ಪಾಠ ಬೇರೆಯೇ ಇತ್ತು. ಬಸ್ಸಿನ ವೇಳಾಪಟ್ಟಿ ಓದುವುದು.

ಹಾಜರಿ ಮುಗಿಯುತ್ತಲೇ ರಾಯ್‌ಸ್ಟನ್ ಕೋಟಿನಿಂದ ನನ್ನ ಒಂದೂವರೆ ಪುಟ ತೆಗೆದ. ‘ಮನೇಲಿ ಓದ್ತಾ ಇದ್ದೀನಿ. ಅರ್ಧ ಆಯ್ತು. ಇವತ್ತು ಇಲ್ಲಿ ಓದ್ಲಾ? ಗಟ್ಟಿಯಾಗಿ?’

‘ಆಮೇಲೆ ನಾವಿಬ್ಬರೇ ಕೂತು—’

‘ಇವರಿಗೆಲ್ಲ ಗೊತ್ತಿರೋದೇ ಮಿಸ್. ಆ ಅಮ್ಮನಿಗೂ’ ಎಂದು ಗ್ಲೆನಿಸ್ ಕಡೆ ಗಲ್ಲ ಎತ್ತಿ ತೋರಿಸಿದ, ‘ಗೊತ್ತಿರೋದೇ.’

‘ಓದು ಡಕ್’ ಅಂದಳು ಪರ್ಲ್. ‘ಬಸ್ಸು ಮುಂದಿನ ವಾರ ಹಿಡಿಯೋಣ.’

ಓದಿದ. ಸಾಲಿನ ಕೆಳಗೆ ಬೆರಳು. ಒಂದೊಂದು ಮಾತೂ ಗೂಡಿನಿಂದ ಬಿಸಿಬಿಸಿ ಎತ್ತಿ ಕೆಳಗಿಟ್ಟ ಹಾಗೆ. ‘ನಾನು... ಕೇಳದೆ... ಅವರ ಮನೆಗೆ... ಫೋನ್ ಮಾಡಿದೆ.’ ನನ್ನ ತಪ್ಪನ್ನು ಇಷ್ಟು ನಿಧಾನವಾಗಿ ಯಾರ ಬಾಯಿಂದಲೂ ಕೇಳಿರಲಿಲ್ಲ. ಪ್ರತಿ ಮಾತಿನ ನಂತರ ಓಡಿಹೋಗಲು ಸಮಯವಿತ್ತು. ನಿಂತೇ ಇದ್ದೆ. ಎಡವಿದಾಗ ಯಾರೂ ಹೇಳಿಕೊಡಲಿಲ್ಲ. ಅವನೇ ಹಿಂದೆ ಹೋಗಿ ಹಿಡಿದುಕೊಂಡ.

‘ರಾಯ್‌ಸ್ಟನ್ ಅವರಿಗೆ... ನಾಚಿಕೆ... ಆಯಿತು.’ ಬೆರಳು ನಿಂತಿತು. ತಲೆ ಎತ್ತಿದ.

‘ಇದನ್ನ ಯಾರು ಹೇಳಿದ್ರು ನಿಮಗೆ?’

‘ಯಾರೂ ಹೇಳಲಿಲ್ಲ. ನಾನೇ ಅಂದ್ಕೊಂಡೆ.’

‘ನಾಚಿಕೆ ಅಲ್ಲ ಮಿಸ್. ಸಿಟ್ಟು ಬಂತು.’

‘ತಿದ್ದುತ್ತೀನಿ’ ಎಂದು ಪೆನ್ನು ತೆಗೆದೆ.

‘ಕೊಡಿ ಇಲ್ಲಿ.’

ನನ್ನ ಪೆನ್ನು ತೆಗೆದುಕೊಂಡ. ನನ್ನ ಮಾತಿನ ಮೇಲೆ ಒಂದು ಗೆರೆ ಎಳೆದ, ಹೆಂಚಿನ ಅಂಚಿನಷ್ಟು ನೇರ. ಮೇಲೆ ತನ್ನದನ್ನು ಬರೆದ. ಒತ್ತಿ. ಗ್ಲೆನಿಸ್ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ.

ಪುಟದಲ್ಲಿ ಮುಂದಿನ ಸಾಲು ಮಗಳ ಬಗ್ಗೆ. ಬೆರಳನ್ನು ಅಲ್ಲಿಗೆ ಇಳಿಸಿದ. ತುಟಿ ಅಲುಗಿತು, ದನಿ ಬರಲಿಲ್ಲ. ಆ ಸಾಲು ನನಗೆ ಬಾಯಿಪಾಠ. ಹೇಳಿಕೊಡಲು ಬಾಯಿ ತೆರೆದೆ. ಹಿಂದಿನ ಸಾಲಿನಲ್ಲಿ ಗ್ಲೆನಿಸ್ ತಲೆಯನ್ನು ಚೂರೇ ಚೂರು ಅಡ್ಡ ಆಡಿಸಿದಳು.

ಮುಚ್ಚಿಕೊಂಡೆ. ಕಾದೆವು. ಕೆಳಗೆ ಇಟ್ಟಿಗೆಯವರು ಸಾಮಾನು ತೊಳೆದು ಹೊರಟರು. ತರಗತಿಯ ಹೊತ್ತು ಮುಗಿಯಿತು, ಯಾರೂ ಕೋಟು ತೆಗೆದುಕೊಳ್ಳಲಿಲ್ಲ. ಆಮೇಲೆ ಅವನು, ಬೆರಳು ತೆಗೆಯದೆ, ‘ಟ್ಯಾಮ್‌ಸಿನ್‌ಗೆ...’ ಎಂದು ಓದಿದ.